ಮಕ್ಕಳು ಮಲಗುವ ಮನೆಗೆ ಸಾಲ

ದೊಡ್ಡ ಸರೋವರದ ದಡದ ಕಿಸುಮು ಊರಿನ ಮಿಗೋಸಿ ಬಡಾವಣೆಯಲ್ಲಿ ಮಧ್ಯಾಹ್ನ ಒಂದು ಗಂಟೆಯಾದರೆ ಸಾಕು, ಹಸಿರು ಗೇಟಿನ ಆ ಮನೆ ತೂಕಡಿಸತೊಡಗುತ್ತದೆ. ಮೊದಲು ಅಂಗಳದ ಗದ್ದಲ ಅಡಗುತ್ತದೆ. ಆಮೇಲೆ ತಟ್ಟೆ ಲೋಟಗಳ ಸದ್ದು ನಿಲ್ಲುತ್ತದೆ. ಆಗ ಪೆಲೆಸಿಯಾ ಅಜ್ಜಿಯ ಗುನುಗು ಶುರುವಾಗುತ್ತದೆ. ಅದಕ್ಕೆ ಮಾತಿಲ್ಲ, ಬರೀ ರಾಗ. ಮುಂದಿನ ಕೋಣೆಯಲ್ಲಿ ಸಾಲಾಗಿ ಹಾಸಿದ ಚಾಪೆಗಳ ಮೇಲೆ ಹದಿನಾಲ್ಕು ಮಕ್ಕಳು ಒಂದರ ಹಿಂದೆ ಒಂದು ಕಣ್ಣು ಮುಚ್ಚುತ್ತವೆ. ಸರೋವರದ ಕಡೆಯಿಂದ ಗಾಳಿ ಬಂದು ನೀಲಿ ಪರದೆ ಉಬ್ಬಿದಾಗ, ಇಡೀ ಕೋಣೆ ತಿಳಿನೀರಿನ ತಳದಲ್ಲಿದ್ದ ಹಾಗೆ ಕಾಣುತ್ತದೆ.

ಇದು ರೋಸೆಲಿಡಾ ಅಪೋಂಡಿ ನಡೆಸುವ ಕೂಸಿನಮನೆ. ಸಂತೆಯಲ್ಲಿ ಟೊಮೆಟೊ ಮಾರುವವರು, ದಡದಲ್ಲಿ ಮೀನು ಒಣಗಿಸುವವರು, ಆಸ್ಪತ್ರೆಯ ನರ್ಸಮ್ಮಂದಿರು ಬೆಳಿಗ್ಗೆ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗುತ್ತಾರೆ. ಸಂಜೆ ಬಂದು ಎತ್ತಿಕೊಂಡು ಹೋಗುತ್ತಾರೆ. ಬೀದಿಯವರೆಲ್ಲ ಇದನ್ನು ‘ಓಡ್ ನಿಂದೋ’ ಅನ್ನುತ್ತಾರೆ. ನಿದ್ದೆಮನೆ ಅಂತ ಅರ್ಥ. ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ರೋಸೆಲಿಡಾ, ಅವಳ ಗಂಡ ಒಬಿಯೆರೋ, ಐದನೇ ತರಗತಿಯ ಮಗಳು ಅವಿನೋ, ಅತ್ತೆ ಪೆಲೆಸಿಯಾ ವಾಸ. ಒಬಿಯೆರೋ ದಡದಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ.

ಮಕ್ಕಳು ಮಲಗಿದ ಮೇಲೆ ರೋಸೆಲಿಡಾ ಹೊಸ್ತಿಲ ಮೇಲೆ ಕೂತು ಬಾಗಿಲಿಗೆ ತಲೆ ಒರಗಿಸುತ್ತಾಳೆ. ಅರೆ ಎಚ್ಚರ, ಅರೆ ನಿದ್ದೆ. ಆ ಹೊತ್ತಿನಲ್ಲಿ ಮನೆ ಅವಳದೇ ಆಗಿಬಿಡುತ್ತದೆ. ಗೋಡೆಗೆ ತನಗೆ ಬೇಕಾದ ಬಣ್ಣ ಬಳಿಯುತ್ತಾಳೆ. ಅಂಗಳದಲ್ಲಿ ಮಾವಿನ ಗಿಡ ನೆಡುತ್ತಾಳೆ, ಅದು ನೆಟ್ಟ ಕೂಡಲೇ ನೆರಳು ಕೊಡುತ್ತದೆ. ಯಾವುದಾದರೂ ಮಗು ಕೆಮ್ಮಿದರೆ ಕಣ್ಣು ಬಿಡುತ್ತಾಳೆ. ಮನೆ ಮತ್ತೆ ಬಾಡಿಗೆ ಮನೆಯಾಗುತ್ತದೆ. ಒಂಬತ್ತು ವರ್ಷ ಹೀಗೇ ಕಳೆಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟಾಗ ಎದುರಿಗೆ ಮನೆಯ ಯಜಮಾನರು ನಿಂತಿದ್ದರು. ರಬೂರ್ ಮೇಷ್ಟ್ರು. ನಿವೃತ್ತಿಯಾಗಿ ಬಹಳ ವರ್ಷವಾದರೂ ಈಗಲೂ ಚಪ್ಪಲಿ ಕೈಯಲ್ಲಿ ಹಿಡಿದು, ಮಕ್ಕಳು ಎದ್ದಾವೆಂದು ತುದಿಗಾಲಲ್ಲಿ ನಡೆಯುವವರು.

“ಏಳಬೇಡಮ್ಮ, ಕೂತ್ಕೋ,” ಅಂದರು ಪಿಸುದನಿಯಲ್ಲಿ. “ನಾನು ಊರಿಗೆ ಹೊರಟೆ. ಈ ಮಂಡಿ ಇನ್ನು ಪಟ್ಟಣದಲ್ಲಿ ನಡೆಯೋದಿಲ್ಲ ಅಂತಿದೆ. ಮನೆ ಮಾರಬೇಕು.”

ರೋಸೆಲಿಡಾ ಎದ್ದೇ ನಿಂತಳು. “ಯಾರಿಗೆ ಮೇಷ್ಟ್ರೇ?”

“ಒಬ್ಬ ಬಂದು ನೋಡ್ಕೊಂಡು ಹೋದ. ಕೆಡವಿ ಅಂಗಡಿ ಸಾಲು ಕಟ್ತಾನಂತೆ. ನನಗೆ ಮನಸ್ಸಿಲ್ಲ. ನೀನು ತಗೊಳ್ಳೋದಾದ್ರೆ ಆಗಸ್ಟ್ ಮುಗಿಯೋ ತನಕ ಕಾಯ್ತೀನಿ. ಅದಕ್ಕಿಂತ ಹೆಚ್ಚು ಕಾಯೋಕೆ ನನ್ನ ಮಕ್ಕಳು ಬಿಡೋದಿಲ್ಲ.”

ಒಳಗೆ ಅಜ್ಜಿಯ ಗುನುಗು ನಿಂತಿತ್ತು. ಅವರೂ ಕೇಳಿಸಿಕೊಂಡಿದ್ದರು.

ಒಬಿಯೆರೋ ಎರಡು ದಿನ ಸಾಲ ಕೊಡಿಸುವವರನ್ನು ಹುಡುಕಿಕೊಂಡು ಅಲೆದ. ಮೂರನೇ ದಿನ ಒಬ್ಬ ದಲ್ಲಾಳಿಯನ್ನು ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ, ನಗುಮುಖ, ಎರಡು ಫೋನು. ಮನೆಯನ್ನೇ ಅಡವಿಟ್ಟು ಆ ಸಾಲದಲ್ಲೇ ಮನೆ ಕೊಳ್ಳಬಹುದು, ಗೃಹಸಾಲ ಅಂತಾರೆ, ತಿಂಗಳು ತಿಂಗಳು ಕಟ್ಟಿದರಾಯಿತು ಎಂದು ವಿವರಿಸಿದ. ಅಷ್ಟರಲ್ಲಿ ಒಂದು ಮಗು ತೆವಳಿಕೊಂಡು ಬಂದು ಅವನ ಶೂ ಲೇಸು ಬಾಯಿಗೆ ಹಾಕಿಕೊಂಡಿತು.

ಅವನು ಕಾಲು ಹಿಂದೆಳೆದುಕೊಂಡು, “ಅತ್ತಿಗೇ, ಇದೊಂದೇ ತೊಂದರೆ,” ಅಂದ. “ಮನೆ ಅಂದ್ರೆ ಮನೆ. ವ್ಯಾಪಾರ ಅಂದ್ರೆ ವ್ಯಾಪಾರ. ಒಂದೇ ಸೂರಿನ ಕೆಳಗೆ ಎರಡೂ ಕಂಡ್ರೆ ಸಾಲ ಕೊಡೋರು ಬೆನ್ನು ತಿರುಗಿಸ್ತಾರೆ. ಅರ್ಜೀಲಿ ಒಂದು ಪ್ರಶ್ನೆ ಇರುತ್ತೆ, ಮನೆಯಲ್ಲಿ ಏನಾದ್ರೂ ಉದ್ಯೋಗ ನಡೆಯುತ್ತಾ ಅಂತ. ‘ಇಲ್ಲ’ ಅಂತ ಬರೀತೀನಿ. ನಿಮ್ಮ ಹೆಸರಿನ ಮುಂದೆ ‘ಗೃಹಿಣಿ’. ಮನೆಗೆ ಬೆಲೆ ಕಟ್ಟೋರು ಬರ್ತಾರಲ್ಲ, ಆವತ್ತು ಮಾತ್ರ ಈ ಮರಿಗಳನ್ನೆಲ್ಲ ಎಲ್ಲಾದ್ರೂ ಸಾಗಿಸಿಬಿಡಿ.”

“ಮರಿಗಳಲ್ಲ, ಮಕ್ಕಳು,” ಅಂದರು ಪೆಲೆಸಿಯಾ ಅಜ್ಜಿ ಮೂಲೆಯಿಂದ.

ಅವನು ನಕ್ಕ. ಒಬಿಯೆರೋ ಸಹಿ ಹಾಕಿದ. ದಲ್ಲಾಳಿಗೆ ಸ್ವಲ್ಪ ಮುಂಗಡವನ್ನೂ ಕೊಟ್ಟ. ರೋಸೆಲಿಡಾ ಕೈಯಲ್ಲಿ ಗಂಜಿಯ ಪಾತ್ರೆ ಇತ್ತು, “ಆಮೇಲೆ ಹಾಕ್ತೀನಿ,” ಅಂದಳು. ಯಾಕೆ ಹಾಗಂದಳೋ ಅವಳಿಗೇ ತಿಳಿಯಲಿಲ್ಲ.

ಬೆಲೆ ಕಟ್ಟುವವರು ಗುರುವಾರ ಬರುತ್ತಾರೆಂದು ಸುದ್ದಿ ಬಂತು. ಬುಧವಾರ ಸಂಜೆ ರೋಸೆಲಿಡಾ ಒಬ್ಬೊಬ್ಬ ತಾಯಿಗೂ ನಾಳೆ ಮಗುವನ್ನು ತರಬೇಡಿ ಎಂದು ಹೇಳಿದಳು. ಹೇಳುವಾಗ ಯಾರ ಕಣ್ಣನ್ನೂ ನೋಡಲಿಲ್ಲ. ಮೀನು ಮಾರುವ ಸ್ಕೋಲಾ ಸೆರಗಿನಲ್ಲಿ ಕೈ ಒರೆಸಿಕೊಂಡು, “ಹೋಗ್ಲಿ ಬಿಡು ಅಕ್ಕ, ಬುಟ್ಟಿ ಪಕ್ಕದಲ್ಲೇ ಮಲಗಿಸ್ಕೋತೀನಿ. ಒಂದಿನ ತಾನೆ. ಬಿಸಿಲಿಗೆ ಕೊಡೆ ಯಾರನ್ನಾದ್ರೂ ಕೇಳ್ತೀನಿ,” ಅಂದಳು.

ಗುರುವಾರ ಬೆಳಿಗ್ಗೆ ಚಾಪೆಗಳನ್ನು ಸುತ್ತಿ ಮಂಚದಡಿ ತಳ್ಳಿದರು. ಪುಟ್ಟ ಕುರ್ಚಿಗಳು ಎದುರು ಮನೆಗೆ ಹೋದವು. ಗೋಡೆಗೆ ಅಂಟಿಸಿದ್ದ ಬಣ್ಣದ ಚಿತ್ರಗಳನ್ನು ಕಿತ್ತರು. ಒಬಿಯೆರೋ ಗೇಟಿನ ಬೋರ್ಡು ಇಳಿಸಿದ. ಮಧ್ಯಾಹ್ನ ಒಂದು ಗಂಟೆಯಾಯಿತು. ಪರದೆ ಉಬ್ಬಿತು, ಇಳಿಯಿತು. ನೆಲದ ಮೇಲೆ ನೀಲಿ ಬೆಳಕು ಅತ್ತಿತ್ತ ತೂಗಾಡಿತು. ಅದರ ಕೆಳಗೆ ಯಾರೂ ಇರಲಿಲ್ಲ. ಪೆಲೆಸಿಯಾ ಅಜ್ಜಿ ಅಭ್ಯಾಸಬಲದಿಂದ ಗುನುಗಲು ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ, ಸುತ್ತ ನೋಡಿದರು.

“ಅಲೆಗೋ ಮಗಳೇ,” ಅಂದರು. ಸೊಸೆಯನ್ನು ಅವರು ಕರೆಯುವುದೇ ಹಾಗೆ, ಅವಳ ತೌರೂರ ಹೆಸರಿನಿಂದ. “ಈ ಮನೇಲಿ ಯಾರು ಸತ್ತರು?”

ರೋಸೆಲಿಡಾ ಹೋಗಿ ಹೊಸ್ತಿಲ ಮೇಲೆ ಕೂತಳು. ದಿನವೂ ಬರುವ ಕನಸು ಆವತ್ತು ಬರಲಿಲ್ಲ. ಯಾರದೋ ಮನೆಗೆ ನೆಂಟಳಾಗಿ ಬಂದು, ಹೊರಡುವ ಹೊತ್ತು ಮೀರಿದ ಮೇಲೂ ಕೂತಿದ್ದೇನೆ ಅನ್ನಿಸಿತು. ಎರಡು ಗಂಟೆಯ ಹೊತ್ತಿಗೆ ದಲ್ಲಾಳಿಯ ಸಂದೇಶ ಬಂತು. ಅಧಿಕಾರಿ ಈವತ್ತು ಬರುವುದಿಲ್ಲ, ಬರುವ ವಾರ ನೋಡೋಣ.

ಅದೇ ಹೊತ್ತಿಗೆ ಗೇಟು ಕಿರ್ ಎಂದಿತು. ಬಂದವಳು ಗೆಳತಿ ಬೆಂಟಾ ಅಕೆಲೋ, ಮಗಳನ್ನು ದಿನವೂ ಇಲ್ಲಿ ಬಿಟ್ಟು ಹೋಗುವವಳು. ಅವಳು ಉಳಿತಾಯ ಸಹಕಾರ ಸಂಘದಲ್ಲಿ ಸಣ್ಣ ಸಾಲದ ಅರ್ಜಿಗಳನ್ನು ನೋಡುವವಳು. ಎರಡು ದಿನ ಊರಲ್ಲಿಲ್ಲದ ಕಾರಣ ಅವಳಿಗೆ ವಿಷಯ ಗೊತ್ತಿರಲಿಲ್ಲ. ಕಂಕುಳಲ್ಲಿ ಮಗಳು ಆಗಲೇ ನಿದ್ದೆಹೋಗಿದ್ದಳು.

“ಇದೇನೇ, ಮನೆ ಬೋಳುಬೋಳಾಗಿದೆ? ಖಾಲಿ ಮಾಡಿಸಿದ್ರಾ?”

“ಮೊದಲು ಮಗೂನ ಮಲಗಿಸು,” ಅಂದಳು ರೋಸೆಲಿಡಾ. ಮಂಚದಡಿಯಿಂದ ಒಂದು ಚಾಪೆ ಎಳೆದು ಹಾಸಿದಳು. ಅಜ್ಜಿಯ ಮುಖ ಅರಳಿತು, ಆ ಒಂದು ಮಗುವಿಗಾಗಿಯೇ ಮತ್ತೆ ರಾಗ ತೆಗೆದರು. ಇವರಿಬ್ಬರೂ ಅಂಗಳದಲ್ಲಿ ಕೂತರು. ರೋಸೆಲಿಡಾ ಎಲ್ಲವನ್ನೂ ಹೇಳಿದಳು.

ಬೆಂಟಾ ಕೊನೆಯವರೆಗೂ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. “ತಿಂಗಳ ಕಂತು ಯಾರು ಕಟ್ಟೋದು?”

“ಇಬ್ಬರೂ ಸೇರಿ. ಹೆಚ್ಚು ಭಾಗ ನನ್ನ ದುಡಿಮೆಯಿಂದಾನೇ. ಅವರದು ಗೊತ್ತಲ್ಲ, ದೋಣಿ ಕೆಟ್ಟರೆ ಉಂಟು, ಇಲ್ಲದಿದ್ರೆ ಇಲ್ಲ.”

“ಅರ್ಜೀಲಿ ನೀನು ಯಾರು?”

“ಗೃಹಿಣಿ.”

“ಮತ್ತೆ ನೀನು ಸಂಪಾದನೆನೇ ಮಾಡೋದಿಲ್ಲವಲ್ಲೇ! ಒಬಿಯೆರೋ ದುಡಿಮೆ ಒಂದನ್ನೇ ನೋಡಿ ಅಷ್ಟು ಸಾಲ ಯಾರು ಕೊಡ್ತಾರೆ?”

“ದಲ್ಲಾಳಿ ಹೇಗೋ ಹೊಂದಿಸ್ತೀನಿ ಅಂದ.”

“ಹೊಂದಿಸ್ತಾನಂತೆ! ಇದೇನು ಅಳಗುಳಿ ಮಣೆ ಕಾಯಿನಾ, ಈ ಗುಳಿಯಿಂದ ಆ ಗುಳಿಗೆ ಹಾಕೋಕೆ? ಮಕ್ಕಳನ್ನ ಮುಚ್ಚಿಟ್ಟರೆ, ಸಾಲ ತೀರಿಸೋ ಕೈಯನ್ನೇ ಮುಚ್ಚಿಟ್ಟ ಹಾಗೆ ಕಣೇ.”

ರೋಸೆಲಿಡಾ ಇದನ್ನು ಯೋಚಿಸಿಯೇ ಇರಲಿಲ್ಲ. ಅವಳು ತನ್ನ ಎರಡು ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. ಒಂಬತ್ತು ವರ್ಷ ಗಂಜಿ ಕಲಕಿದ, ಮೂಗು ಒರೆಸಿದ, ಬೆನ್ನು ತಟ್ಟಿದ ಕೈಗಳು.

“ಇನ್ನೊಂದು ಕೇಳು,” ಅಂದಳು ಬೆಂಟಾ. “ಹೇಗೋ ಸಾಲ ಸಿಕ್ಕಿತು ಅಂತಲೇ ಇಟ್ಕೋ. ನಾಳೆ ಯಾರೋ ಹೋಗಿ ಆ ಮನೇಲಿ ಕೂಸಿನಮನೆ ನಡೀತಿದೆ ಅಂತ ಹೇಳ್ತಾರೆ. ಸುಳ್ಳು ಬರೆದು ಸಾಲ ತಗೊಂಡಿದ್ದೀರಿ, ಪೂರ್ತಿ ಈಗಲೇ ಕಟ್ಟಿ ಅಂತ ಕೇಳೋ ಹಕ್ಕು ಅವರಿಗಿರುತ್ತೆ. ದೇವರು ಮಾಡದಿರಲಿ, ಒಲೆಯಿಂದ ಬೆಂಕಿ ಹತ್ತಿತು ಅಂದ್ಕೋ. ವಿಮೆಯವರು ಬಂದು ‘ಇಲ್ಲಿ ಮಕ್ಕಳಿರೋದು ನಮಗೆ ಹೇಳೇ ಇಲ್ಲವಲ್ಲ’ ಅಂತ ಕೈ ಕೊಡವಿ ಹೋಗ್ತಾರೆ. ಆಗ ಆ ದಲ್ಲಾಳಿ ಫೋನ್ ಎತ್ತುತ್ತಾನಾ? ಎರಡು ಫೋನಿದ್ರೂ ಒಂದನ್ನೂ ಎತ್ತೋದಿಲ್ಲ.”

“ಹಾಗಾದ್ರೆ ಮನೇಲಿ ಕೆಲಸ ಮಾಡೋರಿಗೆ ಗೃಹಸಾಲ ಸಿಗೋದೇ ಇಲ್ವಾ?”

“ಯಾರು ಹೇಳಿದ್ದು? ಕೆಲವರು ಕೊಡೋದಿಲ್ಲ, ನಿಜ. ಕೊಡೋರೂ ಇದ್ದಾರೆ. ಅವರು ನೋಡೋದೇ ಬೇರೆ. ನೀನು ಅಲ್ಲಿ ವಾಸ ಇದ್ದೀಯಾ? ಮನೇಲಿ ಎಷ್ಟು ಭಾಗ ಕೆಲಸಕ್ಕೆ ಹೋಗಿದೆ? ನಾಳೆ ಕೆಲಸ ನಿಲ್ಲಿಸಿದ್ರೆ ಅದು ಮತ್ತೆ ಮನೆ ಆಗುತ್ತಾ, ಇಲ್ಲ ಗೋಡೆ ಒಡೀಬೇಕಾ? ಕೌಂಟಿ ಸರ್ಕಾರದ ಪರವಾನಗಿ ಇದೆಯಾ? ಅಕ್ಕಪಕ್ಕದವರ ತಕರಾರಿದೆಯಾ? ಇಷ್ಟಕ್ಕೆ ಉತ್ತರ ಇದ್ರೆ ಕೂತು ಮಾತಾಡ್ತಾರೆ.”

ರೋಸೆಲಿಡಾ ತಲೆ ತಗ್ಗಿಸಿದಳು. “ಪರವಾನಗಿ ಎರಡು ವರ್ಷದಿಂದ ಹೊಸದು ಮಾಡಿಸಿಲ್ಲ.”

“ಮಾಡಿಸೋಣ. ಸುಳ್ಳಿಗೆ ಬಣ್ಣ ಬಳಿಯೋ ಹೊತ್ತಲ್ಲಿ ಅದನ್ನ ಮಾಡಿಸಬಹುದು.”

ಸಂಜೆ ಒಬಿಯೆರೋ ಬಂದ. ಉಗಾಲಿ ಮುದ್ದೆ, ಸೊಪ್ಪು, ಹುರಿದ ಒಣಮೀನು ತಟ್ಟೆಗೆ ಬಿತ್ತು. ಬೆಂಟಾ ಊಟಕ್ಕೆ ಉಳಿದಿದ್ದಳು. ವಿಷಯ ಕೇಳಿದವನೇ ಅವನು ತುತ್ತು ತಟ್ಟೆಯಲ್ಲೇ ಬಿಟ್ಟ.

“ಬೆಂಟಾ, ನೀನು ಓದಿದೋಳು. ನಿನ್ನ ಕಚೇರೀಲಿ ಫ್ಯಾನ್ ಇದೆ. ದಡದಲ್ಲಿ ನಿಂತು ನಾನು ನೋಡಿರೋ ಲೋಕ ಬೇರೆ. ನಿಜ ಹೇಳಿ ಗೇಟಿನ ಹೊರಗೇ ನಿಂತೋರು ಎಷ್ಟು ಜನ ಬೇಕು ನಿನಗೆ?”

“ಅಣ್ಣಾ, ಸೋರೋ ದೋಣಿಗೆ ಬಣ್ಣ ಬಳಿದು ಯಾರಾದ್ರೂ ನಿಮಗೆ ಮಾರಿದ್ರೆ ಏನ್ಮಾಡ್ತೀರಿ?”

“ಮಾರಿದವನನ್ನೇ ಅದರಲ್ಲಿ ಕೂರಿಸಿ ನಡುನೀರಿಗೆ ತಳ್ತೀನಿ.”

“ಈಗ ಬಣ್ಣ ಬಳೀತಿರೋರು ನೀವು. ಕೂರೋರೂ ನೀವೇ.”

ಪೆಲೆಸಿಯಾ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. ಒಬಿಯೆರೋ ನಗಲಿಲ್ಲ. “ಆಗಸ್ಟ್ ಮುಗಿದ್ರೆ?” ಎಂದು ಹೆಂಡತಿಯ ಕಡೆ ತಿರುಗಿದ. “ಮೇಷ್ಟ್ರು ಕಾಯ್ತಾರಾ? ಅಮ್ಮನ್ನ, ಅವಿನೋನ ಕರ್ಕೊಂಡು ಎಲ್ಲಿಗೆ ಹೋಗ್ತೀಯ? ಒಂದು ಸಹಿ. ಒಂದೇ ಒಂದು ಸಹಿ ಕೇಳಿದೆ ನಿನ್ನ.”

ರೋಸೆಲಿಡಾ ಎದ್ದು ಹೋಗಿ ಆ ಅರ್ಜಿಯನ್ನು ತಂದಳು. ದೀಪದ ಕೆಳಗೆ ಹಿಡಿದಳು. ಅವಳ ದನಿ ಏರಲಿಲ್ಲ.

“ಅವಿನೋ ಅಪ್ಪಾ, ಇದನ್ನ ಬೆಳಗಿಂದ ನಾಲ್ಕು ಸಲ ಓದಿದೆ. ಇದರಲ್ಲಿ ನಾನಿಲ್ಲ. ನನ್ನ ಮಕ್ಕಳಿಲ್ಲ. ನಿಮ್ಮಮ್ಮ ದಿನಾ ಹಾಡಿ ಮಲಗಿಸೋ ಕೋಣೆ ಇಲ್ಲ. ಇದು ಯಾರದೋ ಮನೆಗೆ ಕೇಳಿದ ಸಾಲ. ಈವತ್ತು ಒಂದು ದಿನ ಮಕ್ಕಳಿಲ್ಲದೆ ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ, ನೀವು ದಡದಲ್ಲಿದ್ರಿ. ಸ್ಕೋಲಾ ಸಂಜೆ ಬಂದು ಹೇಳಿದಳು, ಮಗು ಬಿಸಿಲಲ್ಲಿ ಮಲಗಿ ಮೈ ಕಾದುಹೋಗಿದೆಯಂತೆ. ಹೀಗೆ ಬಚ್ಚಿಟ್ಟುಕೊಂಡು ಬದುಕೋಕೆ ನನಗೆ ಮನೆ ಬೇಡ. ಸಹಿ ಹಾಕೋದಿಲ್ಲ.”

ಒಬಿಯೆರೋ ಕೈ ತೊಳೆದು ಅಂಗಳಕ್ಕೆ ಹೋದ. ಆಮೇಲೆ ಡಬ್ಬಿಯಲ್ಲಿ ಮೊಳೆ ಹುಡುಕುವ ಸದ್ದು ಕೇಳಿಸಿತು, ಅದರ ಹಿಂದೆಯೇ ಸುತ್ತಿಗೆಯ ಸದ್ದು. ಅವನು ಬೋರ್ಡನ್ನು ಗೇಟಿಗೆ ಹೊಡೆಯುತ್ತಿದ್ದ. ಒಪ್ಪಿಕೊಂಡೆ ಎಂದು ಬಾಯಲ್ಲಿ ಮಾತ್ರ ಹೇಳಲಿಲ್ಲ.

ಶುಕ್ರವಾರದಿಂದ ಓಡಾಟ ಶುರುವಾಯಿತು. ದಲ್ಲಾಳಿ ಮುಂಗಡ ವಾಪಸು ಕೊಡಲಿಲ್ಲ. ಅದು ಹೋದದ್ದು ಹೋಯಿತು. ಬೆಂಟಾ ಹೇಳಿದ ಮೊದಲ ಸಂಸ್ಥೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ಅಲ್ಲಿಯವರು ಎಲ್ಲ ಕೇಳಿ, ಮಕ್ಕಳ ಜವಾಬ್ದಾರಿಯ ಉದ್ಯೋಗವಿರುವ ಮನೆಗೆ ನಾವು ಕೊಡುವುದಿಲ್ಲ ಎಂದರು. ಹೊರಗೆ ಬಂದಾಗ ಒಬಿಯೆರೋ ಹೆಂಡತಿಯನ್ನು ನೋಡಿದ. “ನಾನೇನೂ ಅನ್ನೋದಿಲ್ಲಪ್ಪ,” ಅಂದ. ಅನ್ನುವುದಿಲ್ಲ ಅಂದದ್ದೇ ಅವಳಿಗೆ ಚುಚ್ಚಿತು. ಆ ದಿನ ಇಬ್ಬರೂ ಬಸ್ಸು ಹತ್ತದೆ ನಡೆದೇ ಮನೆಗೆ ಬಂದರು. ಸರೋವರದ ಮೇಲೆ ಮೋಡ ಕಟ್ಟಿತ್ತು. ನೀರ ಮೇಲಿನ ಅಂತರಗಂಗೆ ದ್ವೀಪದಂತೆ ನಿಧಾನವಾಗಿ ಸರಿಯುತ್ತಿತ್ತು. ನೆಲವೇ ಎಲ್ಲಿಗೋ ಹೊರಟ ಹಾಗಿತ್ತು.

ಎರಡನೇ ಸಂಸ್ಥೆಯಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ರೋಸೆಲಿಡಾ ಕುರ್ಚಿಯ ತುದಿಯಲ್ಲಿ ಕೂತು, ಉಸಿರು ಬಿಗಿಹಿಡಿದು ಒಂದೇ ಸಲ ಹೇಳಿಬಿಟ್ಟಳು. “ನಾನು ಮನೇಲಿ ಹದಿನಾಲ್ಕು ಮಕ್ಕಳನ್ನ ನೋಡ್ಕೋತೀನಿ. ಮುಂದಿನ ಕೋಣೆ ಮತ್ತೆ ಅಂಗಳ ಅದಕ್ಕೆ. ಹಿಂದಿನ ಎರಡು ಕೋಣೇಲಿ ನಾವಿರ್ತೀವಿ. ಸಾಲ ಸಿಗುತ್ತಾ ಇಲ್ವಾ?”

ಆ ಹೆಂಗಸು ಕನ್ನಡಕ ತೆಗೆದರು. “ಮೊದಲೇ ಹೇಳಿದ್ದು ಒಳ್ಳೇದಾಯ್ತು. ಎಷ್ಟೋ ಜನ ಹೇಳೋದಿಲ್ಲ, ಆಮೇಲೆ ನಮಗೂ ಕಷ್ಟ, ಅವರಿಗೂ ಕಷ್ಟ. ಪರವಾನಗಿ ತನ್ನಿ. ಒಂದು ವರ್ಷದ ಸಂಪಾದನೆ ತೋರಿಸಿ. ಆಮೇಲೆ ನಮ್ಮವರು ಬಂದು ಮನೆ ನೋಡ್ತಾರೆ. ಸಿಗುತ್ತೆ ಅಂತ ಈಗಲೇ ಮಾತು ಕೊಡೋದಿಲ್ಲ.”

ಸಂಪಾದನೆ ತೋರಿಸುವುದು ಹೇಗೆ? ರೋಸೆಲಿಡಾ ಹತ್ತಿರ ಪುಸ್ತಕ ಇರಲಿಲ್ಲ. ಕೆಲವು ತಾಯಂದಿರು ಹಣ ಕೊಡುತ್ತಿದ್ದರು, ಸ್ಕೋಲಾ ಕೆಲವೊಮ್ಮೆ ಮೀನೇ ಕೊಡುತ್ತಿದ್ದಳು. ಆದರೆ ಮೂರು ವರ್ಷದಿಂದ ಪ್ರತಿ ಸೋಮವಾರ ಬೆಂಟಾಳ ಸಂಘಕ್ಕೆ ಅವಳು ತಪ್ಪದೆ ಉಳಿತಾಯ ಕಟ್ಟಿದ್ದಳು. ಆ ಪಾಸ್‌ಬುಕ್ಕೇ ಸಾಕ್ಷಿಯಾಯಿತು. ಬೆಂಟಾ ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿಸಿದಳು. ಕೂಸಿನಮನೆಗೆಂದೇ, ಫೋನಿನಲ್ಲಿ ಹಣ ಪಡೆಯಲು ಬೇರೆ ನಂಬರು, ಬೇರೆ ಖಾತೆ. “ಮನೆ ದುಡ್ಡು ಮನೆಗೆ, ಕೆಲಸದ ದುಡ್ಡು ಕೆಲಸಕ್ಕೆ. ಎರಡನ್ನೂ ಒಂದೇ ಗಡಿಗೇಲಿ ಹಾಕಿದ್ರೆ, ಯಾವುದು ಹಾಲು ಯಾವುದು ನೀರು ಅಂತ ನಿನಗೇ ಗೊತ್ತಾಗಲ್ಲ.”

ರೋಸೆಲಿಡಾ ಕೌಂಟಿ ಕಚೇರಿಗೆ ಆರು ಸಲ ಅಲೆದ ಮೇಲೆ ಹೊಸ ಪರವಾನಗಿ ಕೈಗೆ ಬಂತು. ಬೆಂಕಿ ಆರಿಸುವ ಕೆಂಪು ಸಿಲಿಂಡರು ಗೋಡೆಗೆ ಬಂತು. ಅಡುಗೆಮನೆಗೂ ಮಕ್ಕಳ ಕೋಣೆಗೂ ನಡುವೆ ಒಬಿಯೆರೋ ಒಂದು ಅಡ್ಡಗೇಟು ಮಾಡಿದ. ಅಕ್ಕಪಕ್ಕದವರು ತಮ್ಮದೇನೂ ತಕರಾರಿಲ್ಲ ಎಂದು ಬರೆದುಕೊಡಬೇಕಿತ್ತು. ಪಕ್ಕದ ಮನೆಯ ಜೊಸಿಯಾ ರಾತ್ರಿ ಪಾಳಿಯ ಕಾವಲುಗಾರ, ಹಗಲೆಲ್ಲ ಮಲಗುವವನು. ಅವನ ಬಾಗಿಲು ತಟ್ಟಲು ರೋಸೆಲಿಡಾಗೆ ಧೈರ್ಯ ಸಾಲಲಿಲ್ಲ. ಇಷ್ಟು ವರ್ಷದ ಅಳು, ಕಿರುಚಾಟ ಎಲ್ಲ ನೆನಪಾಯಿತು. ಕೊನೆಗೆ ಪೆಲೆಸಿಯಾ ಅಜ್ಜಿಯೇ ಕೋಲೂರಿಕೊಂಡು ಹೋಗಿ ತಟ್ಟಿದರು.

ಜೊಸಿಯಾ ಕಣ್ಣುಜ್ಜಿಕೊಂಡು ಕಾಗದ ಓದಿದ. “ತಕರಾರಾ? ಬೆಳಿಗ್ಗೆ ಹೊತ್ತು ನಿಮ್ಮ ಮಕ್ಕಳು ಸೈತಾನರು, ಸುಳ್ಳು ಹೇಳೋದಿಲ್ಲ. ಆದರೆ ಅಜ್ಜೀ, ಮಧ್ಯಾಹ್ನ ನೀವು ಗುನುಗ್ತೀರಲ್ಲ, ಅದು ಗೋಡೆ ದಾಟಿ ಬರುತ್ತೆ. ನನಗೆ ನಿದ್ದೆ ಹತ್ತೋದೇ ಆಗ. ಆ ಗುರುವಾರ ಒಂದು ದಿನ ನಿಲ್ಲಿಸಿದ್ರಿ, ಆವತ್ತು ರಾತ್ರಿ ಕೆಲಸದಲ್ಲಿ ತೂಕಡಿಸಿ ಬೈಸ್ಕೊಂಡೆ.” ಗೋಡೆಗೇ ಕಾಗದ ಒತ್ತಿ ಹಿಡಿದು ಸಹಿ ಮಾಡಿದ.

ಬೆಲೆ ಕಟ್ಟುವ ಬರಾಸಾ ಎಂಬುವರು ಬಂದದ್ದು ಜುಲೈ ಕೊನೆಯ ಮಂಗಳವಾರ. ಬೆಳಿಗ್ಗೆ ಬರಬೇಕಾದವರು ಬಂದಾಗ ಒಂದೂವರೆ. ಗೇಟಿನಲ್ಲೇ ರೋಸೆಲಿಡಾ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದಳು. ದಪ್ಪ ಮನುಷ್ಯ, ಬೆವರಿ ಒದ್ದೆಯಾಗಿದ್ದರು. ಶೂ ಬಿಚ್ಚಿ, ಅಳತೆಯ ಟೇಪು ಹಿಡಿದು, ಮಕ್ಕಳ ನಡುವೆ ಕೊಕ್ಕರೆಯ ಹಾಗೆ ಒಂದೊಂದೇ ಕಾಲು ಎತ್ತಿಟ್ಟು ನಡೆದರು. ನೀಲಿ ಬೆಳಕು ಅವರ ಬಿಳಿ ಅಂಗಿಯ ಮೇಲೆ ಅಲೆಯಾಡಿತು. ಎಲ್ಲ ಮಾತೂ ಪಿಸುಮಾತಿನಲ್ಲೇ.

“ಈ ಕೋಣೆ ಮತ್ತೆ ಬರೀ ಮನೆ ಆಗೋಕೆ ಎಷ್ಟು ಹೊತ್ತು ಬೇಕಮ್ಮ?”

“ಚಾಪೆ ಸುತ್ತೋವಷ್ಟು ಹೊತ್ತು ಸಾರ್.”

“ಗೋಡೆ ಏನಾದ್ರೂ ಒಡೆದಿದ್ದೀರಾ?”

“ಇಲ್ಲ ಸಾರ್. ಅಂಗಳದಲ್ಲಿ ಮಕ್ಕಳಿಗೆ ಅಂತ ಎರಡು ಪುಟ್ಟ ಶೌಚಾಲಯ ಕಟ್ಟಿಸಿದ್ದೀವಿ. ಮೇಷ್ಟ್ರ ಒಪ್ಪಿಗೆ ಚೀಟಿ ಇದೆ.”

ಅವರು ಎಲ್ಲ ಬರೆದುಕೊಂಡರು. ಕೊನೆಗೆ ಬರೆಯುವುದನ್ನು ಮುಗಿಸಲೆಂದು ಗೋಡೆಗೆ ಒರಗಿ ನೆಲದಲ್ಲಿ ಕೂತರು. ಅಜ್ಜಿಯ ರಾಗ ಹರಿಯುತ್ತಲೇ ಇತ್ತು. ಪೆನ್ನು ನಿಧಾನವಾಯಿತು. ನಿಂತಿತು. ರೋಸೆಲಿಡಾ ನೀರು ತಂದು ನೋಡುತ್ತಾಳೆ, ಬರಾಸಾ ಅವರ ಗಲ್ಲ ಎದೆಗೆ ತಾಗಿತ್ತು. ಅವರ ಅಂಗಾಲಿಗೆ ಕೈ ಚಾಚಿಕೊಂಡು ಸ್ಕೋಲಾಳ ಮಗು ಮಲಗಿತ್ತು. ರೋಸೆಲಿಡಾ ಲೋಟ ಹಿಡಿದು ಹಾಗೇ ನಿಂತಳು. ಎಬ್ಬಿಸಲೇ, ಬಿಡಲೇ? ಹೊರಗೆ ಮೋಡ ಸೂರ್ಯನನ್ನು ಮುಚ್ಚಿತು. ಕೋಣೆಯ ನೀಲಿ ಗಾಢವಾಯಿತು. ಹದಿನಾಲ್ಕಲ್ಲ, ಹದಿನೈದು ಉಸಿರು ಏರುತ್ತ ಇಳಿಯುತ್ತ ಇದ್ದವು. ತಮ್ಮ ಇಡೀ ಬಾಳು ಈ ಮನುಷ್ಯನ ಮಡಿಲಲ್ಲಿರುವ ಒಂದು ಹಾಳೆಯ ಮೇಲಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ ಅವಳಿಗೆ ಭಯವಾಗಲಿಲ್ಲ. ಬಚ್ಚಿಡಬೇಕಾದ್ದು ಒಂದೂ ಇರಲಿಲ್ಲ.

ಕಾಲು ಗಂಟೆಯ ಮೇಲೆ ಅವರು ಬೆಚ್ಚಿ ಎದ್ದರು. ನಾಚಿಕೊಂಡರು. “ಅಮ್ಮಾ, ಇದನ್ನ ಕಚೇರೀಲಿ ಹೇಳಬೇಡಿ.”

“ನೀವು ಬರೆಯೋದು ಮನೆ ವಿಷಯ ಸಾರ್. ನಿಮ್ಮ ನಿದ್ದೆ ವಿಷಯ ನಾವ್ಯಾಕೆ ಹೇಳೋಣ?” ಅಂದರು ಪೆಲೆಸಿಯಾ ಅಜ್ಜಿ.

ಉತ್ತರ ಬರಲು ಮೂರು ವಾರ ಹಿಡಿಯಿತು. ಕೇಳಿದಷ್ಟು ಸಾಲ ಸಿಗಲಿಲ್ಲ. ಮನೆಯಲ್ಲಿ ಉದ್ಯೋಗ ಇರುವುದರಿಂದ ಬೆಲೆಯ ಸ್ವಲ್ಪ ಕಡಿಮೆ ಪಾಲನ್ನೇ ಕೊಡುವುದಾಗಿ ಸಂಸ್ಥೆಯವರು ಬರೆದಿದ್ದರು. ಹದಿನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಬಾರದು. ಕೂಸಿನಮನೆಗೆ ಬೇರೆ ವಿಮೆ ಮಾಡಿಸಬೇಕು. ಏನಾದರೂ ಹೊಸದಾಗಿ ಕಟ್ಟುವ ಮೊದಲು ತಿಳಿಸಬೇಕು. ಒಬಿಯೆರೋ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. “ಕಡಿಮೆ ಬಿದ್ದದ್ದಕ್ಕೆ ಏನ್ಮಾಡೋದು?”

“ಸಂಘದಲ್ಲಿ ನನ್ನ ಉಳಿತಾಯ ಇದೆ,” ಅಂದಳು ರೋಸೆಲಿಡಾ. “ಮಿಕ್ಕದ್ದಕ್ಕೆ ನಿಮ್ಮ ಹಳೇ ಎಂಜಿನ್ ಮಾರ್ತೀರಾ?”

ಅವನು ಒಂದು ಗಳಿಗೆ ಯೋಚಿಸಿದ. ಆ ಎಂಜಿನ್ ಅವನ ಪ್ರಾಣ. “ನಿನ್ನ ಮಾತು ಕೇಳಿ ಕೆಟ್ಟೆ ಅಂತ ಹೇಳೋಕೆ ಮೂರು ತಿಂಗಳಿಂದ ಕಾಯ್ತಾ ಇದ್ದೆ,” ಅಂದ. “ಅವಕಾಶವೇ ಕೊಡಲಿಲ್ಲವಲ್ಲೇ ನೀನು.” ಆಮೇಲೆ ತಾಯಿಯ ಕಡೆ ತಿರುಗಿ, “ಅಮ್ಮಾ, ನಾಳೆ ಬೆಳಿಗ್ಗೆ ಎಂಜಿನ್ ಕೇಳ್ತಿದ್ದ ಆ ಮನುಷ್ಯನಿಗೆ ಫೋನ್ ಮಾಡ್ತೀನಿ,” ಅಂದ.

ಆಗಸ್ಟ್ ಇಪ್ಪತ್ತೆಂಟನೇ ತಾರೀಕು ರಬೂರ್ ಮೇಷ್ಟ್ರು ಕ್ರಯಪತ್ರಕ್ಕೆ ಸಹಿ ಹಾಕಿದರು. ಅದರ ಕೆಳಗೆ ಮೊದಲು ರೋಸೆಲಿಡಾ ಅಪೋಂಡಿ, ಆಮೇಲೆ ಒಬಿಯೆರೋ. ಅವಳ ಹೆಸರಿನ ಮುಂದೆ ಉದ್ಯೋಗ ಎಂಬಲ್ಲಿ ‘ಕೂಸಿನಮನೆ ನಡೆಸುವವರು’ ಎಂದು ಟೈಪಾಗಿತ್ತು. ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಸ್ಕೋಲಾ ಆ ಸಂಜೆ ಬುಟ್ಟಿಯಲ್ಲಿದ್ದ ಅತಿ ದೊಡ್ಡ ಮೀನನ್ನು ಬಾಳೆಎಲೆಯಲ್ಲಿ ಸುತ್ತಿ ತಂದಳು. ಒಬಿಯೆರೋ ಬೀದಿಯ ಪ್ರತಿಯೊಬ್ಬರಿಗೂ, “ನಿಜ ಹೇಳಿಬಿಡೋಣ ಅಂತ ನಾನು ಮೊದಲಿಂದಲೂ ಅಂತಿದ್ದೆ,” ಎಂದು ಹೇಳಿಕೊಂಡು ತಿರುಗಿದ. ಬೆಂಟಾ ಅದನ್ನು ಕೇಳಿಯೂ ಕೇಳದವಳಂತೆ ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದಳು.

ಇದನ್ನು ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಈಗ ನಿಮ್ಮ ಮನೆಯ ಮಾತು. ನೀವು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿರಬಹುದು, ಜಗಲಿಯಲ್ಲಿ ಗಿರಣಿ ಇಟ್ಟಿರಬಹುದು, ಅಡುಗೆಮನೆಯಿಂದ ಹಪ್ಪಳ, ರೊಟ್ಟಿ ಮಾರುತ್ತಿರಬಹುದು, ಪಾಠ ಹೇಳುತ್ತಿರಬಹುದು, ಕೂದಲು ಕತ್ತರಿಸುತ್ತಿರಬಹುದು. ಅಂಥ ಮನೆಗೆ ಸಾಲ ಕೇಳಲು ಹೊರಟಾಗ ನಿಮ್ಮ ಕೆಲಸವನ್ನು ಮಂಚದಡಿ ತಳ್ಳಬೇಡಿ. ಪರವಾನಗಿ ಹಳೆಯದಾಗಿದ್ದರೆ ಇದೇ ವಾರ ಹೊಸದು ಮಾಡಿಸಿ. ಕೆಲಸದ ಹಣಕ್ಕೆ ಬೇರೆ ಖಾತೆ ತೆರೆಯಿರಿ. ಚಿಕ್ಕ ಮೊತ್ತವಾದರೂ ತಪ್ಪದೆ ಕಟ್ಟಿ. ಗೋಡೆ ಒಡೆಯುವ ಮೊದಲು ಕೇಳಿ, ವಿಮೆಯವರಿಗೂ ನಿಜ ಹೇಳಿ. ನಿಯಮ ಊರಿಂದ ಊರಿಗೆ, ಸಾಲ ಕೊಡುವ ಒಬ್ಬರಿಂದ ಇನ್ನೊಬ್ಬರಿಗೆ ಬೇರೆಯಾಗುತ್ತದೆ. ಒಬ್ಬರು ಇಲ್ಲ ಅಂದರೆ ಯಾಕೆ ಎಂದು ಕೇಳಿ, ಆಮೇಲೆ ಇನ್ನೊಬ್ಬರ ಬಾಗಿಲು ತಟ್ಟಿ. ‘ಬರೀ ಸಹಿ ಹಾಕಿ, ಮಿಕ್ಕದ್ದು ನಾನು ನೋಡ್ಕೋತೀನಿ’ ಅನ್ನುವವನ ಎದುರು ಪೆನ್ನಿನ ಮುಚ್ಚಳ ತೆಗೆಯಬೇಡಿ.

ನಿಮ್ಮ ಮನೆಯನ್ನು ನಡೆಸುತ್ತಿರುವ ಕೆಲಸ ಯಾವುದೋ, ಅದರ ಹೆಸರನ್ನು ಅರ್ಜಿಯಲ್ಲಿ ನೀವೇ, ನಿಮ್ಮ ಕೈಯಾರೆ, ದಪ್ಪ ಅಕ್ಷರದಲ್ಲಿ ಬರೆಯಿರಿ.